ಗುಡಿಯೂ ಊರೂ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಆಲೂರಿಗೆ ಹೆಸರಿನಲ್ಲಿಯೇ ಹೊಳೆಯಿದೆ. ಆ ಹೊಳೆಯೇ ಮಲಪ್ರಭೆ. ಊರನ್ನು ದಾಟಿ ಮುಂದೆ ಸಾಗುವ ಈ ನದಿಯು ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದರ ದಂಡೆಯ ಗುಡಿಗಳನ್ನು ಅರಿಯಬಯಸುವವರು ಕಲ್ಲನ್ನು ನೋಡಬೇಕು. ಕಲ್ಲಿನ ಸುತ್ತ ಹಬ್ಬಿದ ಬದುಕನ್ನೂ ನೋಡಬೇಕು.

ಐಹೊಳೆಯ ಲಾಡಖಾನ್ ಗುಡಿಯ ಮಾಡು ಇಳಿಜಾರಾಗಿದೆ. ಹಾಸುಗಲ್ಲುಗಳು ಕೂಡುವ ಸಂದಿಗಳ ಮೇಲೆ ಮರದ ತೊಲೆಗಳಂತೆ ತೋರುವ ಉದ್ದನೆಯ ಕಲ್ಲುಗಳನ್ನು ಕೂಡಿಸಿದ್ದಾರೆ. ಮಳೆನೀರು ಒಳಗಿಳಿಯದಂತೆ ತಡೆಯುವ ಉಪಾಯವದು. ಮರದಲ್ಲಿ ಮನೆ ಕಟ್ಟಿದ ಅನುಭವವನ್ನು ಶಿಲ್ಪಿಗಳು ಕಲ್ಲಿಗೂ ತಂದರು.

ಪಟ್ಟದಕಲ್ಲಿನಲ್ಲಿ ಆ ಕಲೆ ಪ್ರೌಢವಾಯಿತು. ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗಾಗಿ ರಾಣಿ ಲೋಕಮಹಾದೇವಿಯು ಸುಮಾರು ಕ್ರಿ.ಶ. 740ರಲ್ಲಿ ಅಲ್ಲಿ ಈಗಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಬಿಸಿಲಿನ ಅಂಗಳದಿಂದ ಸಭಾಮಂಟಪಕ್ಕೆ ಕಾಲಿಟ್ಟರೆ ಬೆಳಕು ಜಾಲಂಧ್ರಗಳಲ್ಲಿ ಸೋಸಿ ಬರುತ್ತದೆ. ಗರ್ಭಗುಡಿಯಲ್ಲಿ ದೀಪವೊಂದೇ ಉಳಿಯುತ್ತದೆ. ಕಂಬಗಳ ಮೇಲೆ ರಾಮಾಯಣ, ಮಹಾಭಾರತಗಳ ಕಥೆಗಳಿವೆ. ಓದು ಬಾರದವರಿಗೂ ಅವು ತೆರೆದ ಪುಸ್ತಕಗಳೇ. ಕಟ್ಟಿಸಿದ ರಾಣಿಯ ಹೆಸರಿನಂತೆ ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಅಲ್ಲಿಯ ಶಾಸನದಲ್ಲಿದೆ.

ಗುಡಿಯೆಂದರೆ ಪೂಜೆಯ ತಾಣ ಮಾತ್ರವಲ್ಲ. ಅದರ ಕಟ್ಟೆಯ ಮೇಲೆ ನ್ಯಾಯ ಪಂಚಾಯಿತಿಗಳು ನಡೆದವು. ದತ್ತಿಯ ವಿವರಗಳು ಅದರ ಕಲ್ಲುಗಳ ಮೇಲೆ ಶಾಸನಗಳಾದವು. ದೂರದ ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಅಲ್ಲಿಯ ಹಳ್ಳಿಯ ಚರ್ಚುಗಳಲ್ಲಿ ಹಿಂದೆ ಪ್ರಾರ್ಥನೆಯ ಜೊತೆಗೆ ಊರಿನ ಸಭೆಗಳೂ ಸೇರುತ್ತಿದ್ದವು. ಊರಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಚರ್ಚಿನ ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ 1538ರಲ್ಲಿ ಹೊರಟಿತು. ದೇವರು ಬೇರೆ, ಕಟ್ಟಡದ ರೀತಿ ಬೇರೆ. ಊರಿನ ನೆನಪನ್ನು ಕಾಯುವ ಕೆಲಸ ಮಾತ್ರ ಒಂದೇ.

ಆದರೆ ಬಳಕೆಯೆಲ್ಲವೂ ಗುಡಿಗೆ ಒಳಿತನ್ನೇ ಮಾಡುವುದಿಲ್ಲ. ಐಹೊಳೆಯ ಗುಡಿಗಳಲ್ಲಿ ಒಂದು ಕಾಲಕ್ಕೆ ಜನರೂ ವಾಸವಾಗಿದ್ದರು. ಲಾಡಖಾನ್ ಎಂಬುದು ಹಾಗೆ ವಾಸವಾಗಿದ್ದವರೊಬ್ಬರ ಹೆಸರು. ಕೆಲವು ಊರುಗಳಲ್ಲಿ ಭಕ್ತಿಯಿಂದಲೇ ಸುಣ್ಣ ಬಳಿದು ಶಿಲ್ಪದ ಗೆರೆಗಳನ್ನು ಮುಚ್ಚುವವರಿದ್ದಾರೆ. ಹಾಗೆಂದು ಜನರನ್ನೆಲ್ಲ ದೂರವಿರಿಸಿದರೆ ಕಲ್ಲು ಉಳಿದೀತು, ಗುಡಿ ಉಳಿಯದು. ವಿರೂಪಾಕ್ಷ ದೇವಾಲಯವು ಇಲ್ಲಿ ದಾರಿ ತೋರುತ್ತದೆ. ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ವಿರೂಪಾಕ್ಷನ ನಿತ್ಯಪೂಜೆ ಮಾತ್ರ ಇಂದಿಗೂ ನಿಂತಿಲ್ಲ.

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಆಲೂರಿಗೂ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ಒಂದೇ ಹೊಳೆಯ ನೀರು ನುಗ್ಗಿತು. ನೆರೆಗೆ ಅಂಜಿ ಊರು ಎತ್ತರದ ನೆಲಕ್ಕೆ ಸರಿಯಬಹುದು, ಗುಡಿ ಸರಿಯಲಾರದು. ಜನರು ಬಿಟ್ಟುಹೋದ ಗುಡಿಯಲ್ಲಿ ಕೆಸರು ಬಳಿಯುವವರಿಲ್ಲ; ಬಿರುಕುಬಿಟ್ಟ ಗೋಡೆಯನ್ನು ಮೊದಲು ಕಂಡು ಹೇಳುವವರೂ ಇಲ್ಲ. ಇಲಾಖೆಯ ಕಾವಲುಗಾರನೊಬ್ಬನಿಂದ ಆಗುವ ಕೆಲಸ ಇದಲ್ಲ. ದಿನವೂ ಗುಡಿಯ ಮುಂದೆ ಹಾದುಹೋಗುವವರು ಒಂದು ಗಳಿಗೆ ನಿಂತು, ಅದರ ಮಾಡನ್ನೂ ಕಂಬವನ್ನೂ ಶಾಸನವನ್ನೂ ಕಣ್ಣಿಟ್ಟು ನೋಡುವ ಊರಿನಲ್ಲಿ ಗುಡಿ ಬಾಳುತ್ತದೆ.