ಜಗ್ಗೋ ಗಾಡಿ, ಓಡೋ ಗಾಡಿ

ನಮ್ಮ ಬೀದರ್ ಕಡೆ ಜೀಪ್ ಅಂದರೆ ಡೀಸೆಲ್. ಅದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಸಂತೆಗೆ ಹೋಗುವ ಟ್ರ್ಯಾಕ್ಸ್, ಮದುವೆ ದಿಬ್ಬಣದ ಕ್ರೂಸರ್, ಹೊಲದ ಟ್ರ್ಯಾಕ್ಟರ್ ಎಲ್ಲಕ್ಕೂ ಒಂದೇ ವಾಸನೆ. ಹಾಗಾಗಿ ನಾನು ನಾಲ್ಕೂ ಗಾಲಿ ಎಳೆಯುವ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳಬೇಕು, ಪೆಟ್ರೋಲಿನದಾದರೂ ಆದೀತು ಅಂದಾಗ ನಮ್ಮ ಕಾಕಾ ಫೋನಿನಲ್ಲೇ ಸಿಟ್ಟಾದರು. ಅವರು ಇಪ್ಪತ್ತು ವರ್ಷ ಬಾಡಿಗೆ ಕ್ರೂಸರ್ ಓಡಿಸಿದವರು. "ತಮ್ಮಾ, ಪೆಟ್ರೋಲ್ ಗಾಡಿ ಓಡತದ, ಡೀಸೆಲ್ ಗಾಡಿ ಜಗ್ಗತದ. ನಿಂಗ್ ಓಡೋದ್ ಬೇಕೋ, ಜಗ್ಗೋದ್ ಬೇಕೋ?"

ನಾನು ಹೊಟ್ಟೆಪಾಡಿಗೆ ಅನುವಾದ ಮಾಡುವವನು. ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವಾಗ ಟಾರ್ಕ್ ಎಂಬ ಪದದ ಮುಂದೆ ಎಷ್ಟೋ ಸಲ ಸುಮ್ಮನೆ ಕೂತಿದ್ದೇನೆ. ಪಠ್ಯಪುಸ್ತಕದ ಪದ ಹಾಕಿದರೆ ಮೆಕ್ಯಾನಿಕ್‌ಗೆ ಅರ್ಥವಾಗುವುದಿಲ್ಲ, ಟಾರ್ಕ್ ಅಂತಲೇ ಬಿಟ್ಟರೆ ದುಡ್ಡು ಕೊಟ್ಟವರು ಒಪ್ಪುವುದಿಲ್ಲ. ಕಾಕಾ ಒಂದೇ ಉಸಿರಿಗೆ ಟಾರ್ಕಿಗೂ ಪವರಿಗೂ ಎರಡು ಕ್ರಿಯಾಪದ ಕೊಟ್ಟುಬಿಟ್ಟರು. ಎಂಜಿನ್ ಎಷ್ಟು ಬಲವಾಗಿ ತಿರುಚುತ್ತದೆ ಅನ್ನುವುದು ಜಗ್ಗುವುದು. ಆ ತಿರುಚನ್ನು ನಿಮಿಷಕ್ಕೆ ಎಷ್ಟು ಸುತ್ತು ಕೊಡಬಲ್ಲದು ಅನ್ನುವುದು ಸೇರಿದರೆ ಓಡುವುದು.

ಪದಗಳು ಸರಿ. ಆದರೆ ಡೀಸೆಲ್ ಮಾತ್ರ ಜಗ್ಗುತ್ತದೆ ಅನ್ನುವುದು ಈಗ ಎಷ್ಟು ನಿಜ ಎಂದು ನೋಡಬೇಕಿತ್ತು.

ನನಗೆ ಗಾಡಿ ಬೇಕಾಗಿದ್ದುದು ಬೆಟ್ಟ ಹತ್ತಿ ವಿಡಿಯೊ ಮಾಡಲಿಕ್ಕಲ್ಲ. ಹೈದರಾಬಾದಿನಲ್ಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ. ಭಾನುವಾರ ಬೆಳಿಗ್ಗೆ ವಿಕಾರಾಬಾದಿನ ಅನಂತಗಿರಿ ಕಡೆ ಹೊರಟರೆ ಸಾಲುಸಾಲಾಗಿ ಸಿಗುತ್ತಾರೆ. ನನಗೆ ತಿಂಗಳಿಗೆ ಎರಡು ಸಲ ಜಹೀರಾಬಾದ್, ಬೀದರ್ ದಾಟಿ ಭಾಲ್ಕಿ ತಾಲೂಕಿನ ನಮ್ಮೂರಿಗೆ ಹೋಗಬೇಕು. ಅವ್ವ ಊರ ಹೊರಗೆ, ಹೊಲದ ಮನೆಯಲ್ಲಿದ್ದಾಳೆ. ಡಾಂಬರು ರಸ್ತೆಯಿಂದ ಆ ಮನೆಗೆ ಎರಡು ಕಿಲೋಮೀಟರ್ ಕರಿ ಮಣ್ಣಿನ ದಾರಿ. ಬೇಸಿಗೆಯಲ್ಲಿ ಸ್ಕೂಟರೂ ಹೋಗುತ್ತದೆ. ಹೋದ ವರ್ಷದ ಮಳೆಗಾಲದಲ್ಲಿ ಅವ್ವನಿಗೆ ರಾತ್ರಿ ಉಸಿರಾಟದ ತೊಂದರೆಯಾದಾಗ ಆಂಬುಲೆನ್ಸ್ ಡಾಂಬರಿನ ಮೇಲೇ ನಿಂತಿತು. ಪಕ್ಕದ ಹೊಲದವರು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಸಿಗೆ ಹಾಸಿ ಅವಳನ್ನು ತಂದು ಮುಟ್ಟಿಸಿದರು. ಹೈದರಾಬಾದಿಗೆ ಬಾ ಅಂದರೆ ಅವ್ವ ಬರುವುದಿಲ್ಲ. ಆ ಮಾತು ಈಗ ಬೇಡ.

ಕಾಕಾನ ನಂಬಿಕೆಗೆ ಇತಿಹಾಸದ ಕಾರಣಗಳಿವೆ. ಮಹೀಂದ್ರಾದವರು 1940ರ ದಶಕದ ಕೊನೆಗೆ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದಾಗ ಅವು ಪೆಟ್ರೋಲ್ ಗಾಡಿಗಳೇ. ಡೀಸೆಲ್ ಎಂಜಿನ್ ಆಮೇಲೆ ಬಂತು. ಸರ್ಕಾರ ಡೀಸೆಲ್ ಬೆಲೆಯನ್ನು ಹಿಡಿದಿಟ್ಟಿದ್ದರಿಂದ ಬಾಡಿಗೆ ಓಡಿಸುವವರಿಗೆ ಬೇರೆ ಆಯ್ಕೆಯೇ ಉಳಿಯಲಿಲ್ಲ. ಪೆಟ್ರೋಲಿನ ಬೆಲೆ ನಿಯಂತ್ರಣ 2010ರಲ್ಲಿ ಹೋಯಿತು, ಡೀಸೆಲಿನದು 2014ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಲೀಟರಿಗೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಅಂತರವಿದ್ದದ್ದೂ ಉಂಟು. ಅಂದರೆ ನಮ್ಮ ಕಡೆಯ ಜೀಪುಗಳನ್ನು ಡೀಸೆಲ್ ಮಾಡಿದ್ದು ಕರಿ ಮಣ್ಣಿಗಿಂತ ಹೆಚ್ಚಾಗಿ ದೆಹಲಿಯ ಬೆಲೆ ನೀತಿ. 1985ರಲ್ಲಿ ಬಂದ ಮಾರುತಿಯ ಜಿಪ್ಸಿ ಪೆಟ್ರೋಲಿನದೇ ಆಗಿತ್ತು. ಸೈನ್ಯ ಅದನ್ನು ದಶಕಗಟ್ಟಲೆ ಬೆಟ್ಟಗುಡ್ಡಗಳಲ್ಲಿ ಓಡಿಸಿತು. ಲೀಟರಿನ ಲೆಕ್ಕ ಹಾಕುವ ನಮ್ಮೂರಿನವರಿಗೆ ಮಾತ್ರ ಅದು ಸಾಹೇಬರ ಗಾಡಿಯಾಗಿಯೇ ಉಳಿಯಿತು.

ಇನ್ನು ಜಗ್ಗುವ ವಿಷಯ. 2020ರ ಅಕ್ಟೋಬರಿನಲ್ಲಿ ಬಂದ ಥಾರ್‌ನಲ್ಲಿ ಎರಡೂ ಎಂಜಿನ್ ಇವೆ. 2.2 ಲೀಟರಿನ ಡೀಸೆಲ್ 300 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಸುಮಾರು 1600 ಸುತ್ತಿನಿಂದ. 2 ಲೀಟರಿನ ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರಿನದು, ಅದೇ 300 ಕೊಡುತ್ತದೆ, ಅದೂ 1250 ಸುತ್ತಿನಿಂದಲೇ. ಕಾಗದದ ಮೇಲೆ ಪೆಟ್ರೋಲೇ ಮೊದಲು ಜಗ್ಗಲು ನಿಲ್ಲುತ್ತದೆ! ಕಾಕಾ ಹೇಳಿದ ವ್ಯತ್ಯಾಸ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನುಗಳ ಕಾಲದ್ದು. ಅದನ್ನು ಈಗಲೂ ನೋಡಬೇಕೆಂದರೆ ಜಿಮ್ನಿ ಇದೆ. 1.5 ಲೀಟರಿನ ಪೆಟ್ರೋಲ್, ಟರ್ಬೊ ಇಲ್ಲ, ಟಾರ್ಕ್ ಸುಮಾರು 134, ಅದು ಪೂರ್ತಿ ಸಿಗಬೇಕೆಂದರೆ ಎಂಜಿನ್ 4000 ಸುತ್ತು ಕೂಗಬೇಕು. ಆದರೂ ಜಿಮ್ನಿ ಕೆಸರಿನಲ್ಲಿ ಚೆನ್ನಾಗಿಯೇ ಹೋಗುತ್ತದೆ. ಒಂದು, ಹಗುರ. ಎರಡು, ಲೋ ರೇಂಜ್ ಗೇರು ಹಾಕಿದರೆ ಇರುವ ಟಾರ್ಕ್ ಎರಡು ಪಟ್ಟಾಗಿ ಗಾಲಿಗೆ ತಲುಪುತ್ತದೆ.

ನೀರಿನ ಬಗ್ಗೆಯೂ ಇಂಥದೇ ಹಳೆಯ ಮಾತಿದೆ. ಹಳ್ಳ ದಾಟುವಾಗ ಪೆಟ್ರೋಲ್ ಗಾಡಿ ಕೆಮ್ಮಿ ನಿಲ್ಲುತ್ತದೆ, ಡೀಸೆಲ್ ದಾಟುತ್ತದೆ ಎಂದು. ಹಿಂದೆ ಅದು ನಿಜವೇ. ಪೆಟ್ರೋಲಿಗೆ ಕಿಡಿ ಬೇಕು, ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಕಿಡಿ ಸತ್ತಿತು. ಡೀಸೆಲ್ ಗಾಳಿಯನ್ನು ಒತ್ತಿ ಕಾಯಿಸಿಯೇ ಉರಿಯುವುದರಿಂದ ಕಿಡಿಯ ಹಂಗಿಲ್ಲ. ಈಗ ಎರಡನ್ನೂ ನಡೆಸುವುದು ಕಂಪ್ಯೂಟರ್. ಗಾಳಿ ಎಳೆಯುವ ಬಾಯಿಗೆ ನೀರು ಹೋದರೆ ಎರಡೂ ಸಾಯುತ್ತವೆ. ನೀರು ಗಾಳಿಯಂತೆ ಒತ್ತಿಸಿಕೊಳ್ಳುವುದಿಲ್ಲವಾದ್ದರಿಂದ, ಹೆಚ್ಚು ಒತ್ತುವ ಡೀಸೆಲಿಗೆ ಪೆಟ್ಟೂ ಜೋರು. ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್, ಎಂಜಿನ್ ಯಾವುದೇ ಇರಲಿ.

ಇಷ್ಟೆಲ್ಲ ತಿಳಿದ ಮೇಲೆ ಪೆಟ್ರೋಲ್ ಕಡೆ ವಾಲಿದ್ದೆ. ಇನ್ನೊಂದು ಕಾರಣ ಡಿಪಿಎಫ್. 2020ರ ಏಪ್ರಿಲಿನಲ್ಲಿ ಬಿಎಸ್6 ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜಾಲರಿ ಇರುತ್ತದೆ. ತುಂಬಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿ ಬಿಸಿಯಾಗಬೇಕು. ಅಮೀರ್‌ಪೇಟೆಯ ಟ್ರಾಫಿಕ್ಕಿನಲ್ಲಿ ತರಕಾರಿಗೆ ಹೋಗಿಬರುವ ಗಾಡಿಗೆ ಅದು ಸಿಗುವುದಿಲ್ಲ, ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತದೆ. ಕೈಪಿಡಿಗಳಲ್ಲಿ ಈ ಸುಡುವ ಕೆಲಸಕ್ಕೆ ‘ಪುನರುತ್ಪಾದನೆ’ ಎಂದು ಬರೆಯುವುದನ್ನು ಕಂಡಿದ್ದೇನೆ. ಓದಿದವರಿಗೆ ಗಾಡಿ ಮರಿ ಹಾಕುತ್ತದೇನೋ ಅನಿಸಬೇಕು. ನಾನಾದರೆ ‘ಮಸಿ ಸುಡುವಿಕೆ’ ಅಂತಲೇ ಬರೆಯುತ್ತೇನೆ.

ಆದರೆ ನನ್ನ ಓಡಾಟವನ್ನೇ ಕೂತು ಲೆಕ್ಕ ಹಾಕಿದಾಗ ಚಿತ್ರ ಬೇರೆಯಾಯಿತು. ಊರೊಳಗೆ ನನಗೆ ಸ್ಕೂಟರ್ ಇದೆ. ಗಾಡಿ ಹೊರಬೀಳುವುದೇ ಹೆದ್ದಾರಿಗೆ. ಸಂಗಾರೆಡ್ಡಿ ದಾಟಿದರೆ ಜಹೀರಾಬಾದಿನವರೆಗೆ ಮಸಿ ಸುಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ವರ್ಷಕ್ಕೆ ಸುಮಾರು 10 ಸಾವಿರ ಕಿಲೋಮೀಟರ್. ಪೆಟ್ರೋಲ್ ಗಾಡಿ ಲೀಟರಿಗೆ 10, ಡೀಸೆಲ್ 13 ಕೊಡುತ್ತದೆ ಎಂದು ಹಿಡಿದೆ. ಹೈದರಾಬಾದಿನಲ್ಲಿ ನಾನು ಲೆಕ್ಕ ಹಾಕಿದ ದಿನ ಪೆಟ್ರೋಲಿಗೆ 107 ರೂಪಾಯಿ ಚಿಲ್ಲರೆ, ಡೀಸೆಲಿಗೆ 95 ಚಿಲ್ಲರೆ. ವರ್ಷಕ್ಕೆ ಹೆಚ್ಚುಕಡಿಮೆ 34 ಸಾವಿರ ಉಳಿತಾಯ. ಗಡಿ ದಾಟಿ ಬೀದರಿನಲ್ಲಿ ತುಂಬಿಸಿದರೆ ಡೀಸೆಲ್ ಇನ್ನೂ ಅಗ್ಗ. ನಾನು ನೋಡಿದ ಎರಡು ಹಳೆಯ ಥಾರ್‌ಗಳ ಬೆಲೆಯಲ್ಲಿ 1 ಲಕ್ಷ 10 ಸಾವಿರದ ಅಂತರವಿತ್ತು, ಮೂರು ವರ್ಷ ಚಿಲ್ಲರೆಯಲ್ಲಿ ಸರಿಹೋಗುತ್ತದೆ.

ದುಡ್ಡಿಗಿಂತ ಹೆಚ್ಚಾಗಿ ಮನಸ್ಸು ತಿರುಗಿಸಿದ್ದು ಅವ್ವ ಹೇಳಿದ ಒಂದು ಮಾತು. ಅವಳಿಗೆ ಯಾವ ಎಂಜಿನ್ ಅನ್ನುವುದು ಬೇಕಿರಲಿಲ್ಲ. "ಎಣ್ಣಿ ಖಾಲಿ ಆದ್ರ ಯಾರ್ ಮನ್ಯಾಗ್ ಕೇಳಬೇಕ್ರಿ ರಾತ್ರಿ?" ಎಂದು ಕಾಕಾನನ್ನು ಕೇಳಿದಳಂತೆ. ಪೆಟ್ರೋಲ್ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತದೆ, ಅದರಲ್ಲಿ ಏನೇನು ಬೆರೆತಿದೆಯೋ ದೇವರೇ ಬಲ್ಲ, ರಾತ್ರಿ ಅಂಗಡಿಯೂ ಮುಚ್ಚಿರುತ್ತದೆ. ಡೀಸೆಲ್ ಹಾಗಲ್ಲ. ಟ್ರ್ಯಾಕ್ಟರ್ ಇರುವ ಪ್ರತಿ ಮನೆಯಲ್ಲೂ ಒಂದು ಕ್ಯಾನ್ ಇರುತ್ತದೆ. ಐದು ಲೀಟರ್ ಕೊಟ್ಟು ಆಮೇಲೆ ಇಸಿದುಕೊಳ್ಳುವುದು ನಮ್ಮಲ್ಲಿ ಉಪ್ಪು ಕಡ ಕೊಟ್ಟಂತೆ.

ಡೀಸೆಲ್ ತಗೊಂಡೆ. ಕಾಕಾ ತಮ್ಮ ಮಾತೇ ಗೆದ್ದಿತು ಅಂದುಕೊಂಡಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಹಳೆಯ ಟೈರುಗಳು ರಸ್ತೆಯವು, ನುಣ್ಣಗೆ ಸವೆದಿದ್ದವು. ಕರಿ ಮಣ್ಣು ಒದ್ದೆಯಾದರೆ ಟೈರಿನ ಗೆರೆಗಳಲ್ಲಿ ಕಣಕದಂತೆ ತುಂಬಿಕೊಳ್ಳುತ್ತದೆ, ಆಮೇಲೆ ಗಾಲಿ ಸುತ್ತುವುದು ಜಾರಲಿಕ್ಕೆ ಮಾತ್ರ. 300 ನ್ಯೂಟನ್ ಮೀಟರ್ ಇದ್ದರೂ ಅಷ್ಟೆ. ಆಳವಾದ ಗೆರೆಯ ನಾಲ್ಕು ಟೈರು, ಒಂದು ಗಟ್ಟಿ ಹಗ್ಗ ಕೊಂಡೆ. ಈ ಜುಲೈನಲ್ಲಿ ಒಂದು ದಿನ ಮಳೆ ನಿಂತ ಮೇಲೆ ಲೋ ರೇಂಜಿನಲ್ಲಿ, ಎರಡನೇ ಗೇರಿನಲ್ಲಿ, ನಿಧಾನಕ್ಕೆ ಮನೆ ಬಾಗಿಲತನಕ ಹೋದೆ. ಅವ್ವ ಹೊರಗೆ ಬಂದು ಮೊದಲು ಗಾಲಿ ನೋಡಿ, ಅಷ್ಟು ಮಣ್ಣು ಹೊತ್ತುಕೊಂಡು ಒಳಗೆ ಬರಬೇಡ ಅಂದಳು. ಮೂರು ದಿನ ಬಿಡದೆ ಹೊಯ್ದ ವಾರದಲ್ಲಿ ಮಾತ್ರ ಗಾಡಿಯನ್ನು ಡಾಂಬರಿನ ಮೇಲೇ ನಿಲ್ಲಿಸಿ ನಡೆದುಕೊಂಡು ಹೋದೆ. ಅಂಥ ವಾರಕ್ಕೆಂದು ಪಕ್ಕದ ಹೊಲದ ಟ್ರ್ಯಾಕ್ಟರಿನವರ ಹತ್ತಿರ ಮಾತಾಡಿಟ್ಟಿದ್ದೇನೆ, ಅವರ ಫೋನ್ ನಂಬರನ್ನು ಅವ್ವನ ಮಂಚದ ಪಕ್ಕದ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದಿದ್ದೇನೆ.