ಕೇಳಿಸಿಕೊಳ್ಳುವ ಗಂಡಸು

ನಮ್ಮ ವಯಸ್ಸಿನ ಹೆಂಗಸರನ್ನು ಯಾವ ಹಿಂದಿ ಹೀರೋ ಇಷ್ಟ ಎಂದು ಕೇಳಿ ನೋಡಿ. ಒಬ್ಬರು ರಾಜೇಶ ಖನ್ನಾ ಎಂದರೆ ಇನ್ನೊಬ್ಬರು ಅಮಿತಾಭ ಎನ್ನುತ್ತಾರೆ. ಫಾರೂಕ್ ಶೇಖ್ ಎಂದವರನ್ನು ನಾನು ಕಂಡದ್ದು ಕಡಿಮೆ. ಆದರೆ ಆ ಹೆಸರು ಎತ್ತಿದರೆ ಸಾಕು, "ಅಯ್ಯ, ಆ ದೀಪ್ತಿ ನವಲ್ ಜೋಡಿ ಇರ್ತಾನಲ್ಲ, ಛಲೋ ಹುಡುಗ" ಎಂದು ಮುಖ ಅರಳಿಸುತ್ತಾರೆ. ಹೀರೋ ಅಲ್ಲ, ಛಲೋ ಹುಡುಗ! ನಮ್ಮ ಧಾರವಾಡದ ಕಡೆ ವರ ನೋಡಿ ಬಂದವರು ಆಡುವ ಮಾತು ಅದು.

ಅವರಿಬ್ಬರನ್ನು ನಾನು ಮೊದಲು ನೋಡಿದ್ದು ಸಾಯಿ ಪರಾಂಜಪೆಯವರ 'ಚಶ್ಮೆ ಬದ್ದೂರ್'ನಲ್ಲಿ. ಚಿತ್ರ 1981ರದು. ನಾನು ನೋಡಿದ್ದು ಕೆಲವು ವರ್ಷ ಕಳೆದ ಮೇಲೆ, ಒಂದು ರವಿವಾರ ಸಂಜೆ, ಪಕ್ಕದ ಮನೆಯ ಟೀವಿಯಲ್ಲಿ, ಅಕ್ಕಿ ಆರಿಸುತ್ತ. ದಿಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿ ಮೂವರು ಹುಡುಗರು. 'ಚಮ್ಕೋ' ಎಂಬ ಬಟ್ಟೆ ಒಗೆಯುವ ಪುಡಿಯನ್ನು ಮಾರುತ್ತ ದೀಪ್ತಿ ಬಾಗಿಲಿಗೆ ಬರುತ್ತಾಳೆ. ಬಕೆಟ್ಟು, ನೀರು, ನೊರೆ, ಬಾಯಿಪಾಠ ಮಾಡಿದ ಮಾತು. ಎದುರಿಗೆ ಫಾರೂಕ್, ಎಕನಾಮಿಕ್ಸ್ ಓದಿದ ಸಂಕೋಚದ ಹುಡುಗ ಸಿದ್ಧಾರ್ಥ. ಅವನು ಮಾಡುವುದು ಒಂದೇ ಕೆಲಸ: ಆಕೆ ಹೇಳುವುದನ್ನು ಪೂರ್ತಿ ಕೇಳುತ್ತಾನೆ. ಒಗೆಯುವ ಪುಡಿಯ ಬಗ್ಗೆ ಯಾವ ಗಂಡಸು ಅಷ್ಟು ಹೊತ್ತು ಕೇಳಿಸಿಕೊಂಡಾನು ಹೇಳಿ! ನನ್ನ ಅಕ್ಕಿ ಮೊರದಲ್ಲೇ ಉಳಿಯಿತು.

ಆ ಕಾಲದ ಹೀರೋ ಎಂದರೆ ಹತ್ತು ಮಂದಿಯನ್ನು ಹೊಡೆಯಬೇಕು, ಹುಡುಗಿಯ ಹಿಂದೆ ಗುಡ್ಡ ಸುತ್ತಿ ಹಾಡಬೇಕು. ಇವರು ಐಸ್‌ಕ್ರೀಮ್ ಅಂಗಡಿಯಲ್ಲಿ ಎದುರುಬದುರು ಕೂತು ಮಾತಾಡಿದರು, ಅಷ್ಟೆ. ಮಾತೂ ದೊಡ್ಡದಲ್ಲ. ಹುಡುಗಿಗೆ ಸಂಗೀತದ ಕ್ಲಾಸು, ಹುಡುಗನಿಗೆ ನೌಕರಿಯ ಚಿಂತೆ. ಮಾತು ಮುಗಿದಾಗ ಬರುವ ಮೌನಕ್ಕೂ ಇಬ್ಬರೂ ಹೆದರುತ್ತಿರಲಿಲ್ಲ. ಮದುವೆಯಾಗಿ ಆರೇಳು ವರ್ಷವಾದರೂ ನಾನೂ ನಮ್ಮವರೂ ಹಾಗೆ ಎದುರುಬದುರು ಕೂತದ್ದಿರಲಿಲ್ಲ. ನಡುವೆ ಸದಾ ಒಂದು ವರ್ತಮಾನ ಪತ್ರಿಕೆ ಇರುತ್ತಿತ್ತು. ಅವರು ಕೆಟ್ಟವರೇನಲ್ಲ, ಬಹಳ ಒಳ್ಳೆಯವರು. ಆದರೆ ಮಾತು ಎನ್ನುವುದು ಹೊರಗಿನವರ ಜೊತೆ ಆಡುವಂಥದು ಎಂದು ಅವರ ಮನೆಯಲ್ಲಿ ಕಲಿಸಿದ್ದರು.

ಅಂಥ ಛಲೋ ಹುಡುಗನೂ ಗೆಳೆಯರು ಕಟ್ಟಿದ ಸುಳ್ಳು ಕಥೆ ನಂಬಿ ಹುಡುಗಿಯನ್ನು ದೂರ ಮಾಡುತ್ತಾನೆ ಅನ್ನಿ. ಆಕೆಯನ್ನು ಒಂದು ಮಾತು ಕೇಳಬಾರದಿತ್ತೇ? ಸಿನಿಮಾ ಅವನನ್ನು ನಗುನಗುತ್ತ ಕ್ಷಮಿಸಿಬಿಡುತ್ತದೆ. ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮರುವರ್ಷ, 1982ರಲ್ಲಿ, 'ಸಾಥ್ ಸಾಥ್' ಬಂತು. ಜಗಜಿತ್ ಮತ್ತು ಚಿತ್ರಾ ಸಿಂಗ್ ಹಾಡುಗಳಿಂದ ಅದು ಎಲ್ಲರಿಗೂ ನೆನಪಿದೆ. ನನಗೆ ನೆನಪಿರುವುದು ಕಥೆ. ಆದರ್ಶ ಮಾತಾಡುವ ಹುಡುಗನನ್ನು ನಂಬಿ ಶ್ರೀಮಂತರ ಮಗಳು ಮನೆ ಬಿಟ್ಟು ಬರುತ್ತಾಳೆ. ಸಂಸಾರದ ಬಿಸಿ ತಟ್ಟಿದ ಮೇಲೆ ಅವನು ದುಡ್ಡಿನ ದಾರಿ ಹಿಡಿಯುತ್ತಾನೆ. ಆಗ ಹೆಂಡತಿ, ನಾನು ಮದುವೆಯಾದ ಮನುಷ್ಯ ನೀನಲ್ಲ ಎಂಬಂತೆ ಹೊರಟು ನಿಲ್ಲುತ್ತಾಳೆ. ಗಂಡ ಕುಡಿದ, ಹೊಡೆದ ಎಂದು ಹೊರಟವರನ್ನು ನಾವು ನೋಡಿದ್ದೇವೆ. ಗಂಡ ಗಳಿಸತೊಡಗಿದ ಎಂದು ಹೊರಟವಳನ್ನು ನಮ್ಮ ಓಣಿ ಕಂಡಿರಲಿಲ್ಲ.

1983ರಲ್ಲಂತೂ ಈ ಜೋಡಿಯ ಮೂರು ಚಿತ್ರಗಳು. ಹೃಷಿಕೇಶ ಮುಖರ್ಜಿಯವರವು ಎರಡು, 'ರಂಗ್ ಬಿರಂಗಿ' ಮತ್ತು 'ಕಿಸಿ ಸೆ ನಾ ಕಹನಾ'. ಎರಡನೆಯದರಲ್ಲಿ ಡಾಕ್ಟರಳಾದ ಹುಡುಗಿ, ಹಳೆಯ ಕಾಲದ ಮಾವನನ್ನು ಮೆಚ್ಚಿಸಲು ಇಂಗ್ಲಿಷ್ ಬಾರದ ಹಳ್ಳಿಯವಳಂತೆ ನಟಿಸಬೇಕು. ಮಾವನಾಗಿ ಉತ್ಪಲ್ ದತ್ತರು ಹೊಟ್ಟೆ ಹುಣ್ಣಾಗಿಸುತ್ತಾರೆ. ನಮ್ಮಲ್ಲಿ ಎಷ್ಟು ಜನ ಬಿ.ಎ. ಪದವಿಯನ್ನು ಸೀರೆಯ ಟ್ರಂಕಿನ ತಳದಲ್ಲಿಟ್ಟು ಸೊಸೆಯಾಗಿದ್ದೇವೆ ಎಂದು ನೆನೆದಾಗ ನಗು ಸ್ವಲ್ಪ ಇಳಿಯುತ್ತದೆ.

ಮೂರನೆಯದು 'ಕಥಾ', ಮತ್ತೆ ಸಾಯಿ ಪರಾಂಜಪೆ. ಆಮೆ ಮೊಲದ ಕಥೆಯನ್ನು ಮುಂಬಯಿಯ ಚಾಳಿಗೆ ತಂದು ಕೂರಿಸಿದ್ದಾರೆ. ಆಮೆ ನಸೀರುದ್ದೀನ್ ಶಾ, ಮೊಲ ನಮ್ಮ ಫಾರೂಕ್. ಅದೇ ಮುಗುಳ್ನಗೆ, ಅದೇ ಮೃದು ಮಾತು, ಆದರೆ ಈ ಸಲ ಎಲ್ಲವೂ ಮೋಸ. ಚಾಳಿನ ಹೆಂಗಸರೆಲ್ಲ ಅವನಿಗೆ ಮರುಳು. ದೀಪ್ತಿಯ ಸಂಧ್ಯಾ ಮದುವೆಯವರೆಗೆ ಬಂದು ಕೈಬಿಡಿಸಿಕೊಳ್ಳುತ್ತಾಳೆ. ನಡೆದುದನ್ನು ಆಕೆ ಮುಚ್ಚಿಡದೆ ಹೇಳಿದ ಮೇಲೂ ಆಮೆ ಅವಳ ಕೈ ಹಿಡಿಯುತ್ತದೆ. ಮೆತ್ತಗೆ ಮಾತಾಡುವವರೆಲ್ಲ ಛಲೋ ಹುಡುಗರಲ್ಲ ಎಂದು ಅದೇ ನಟನಿಂದ ಹೇಳಿಸಿದ ಆ ನಿರ್ದೇಶಕಿಗೆ ಹೆಂಗಸರ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಆಮೇಲೆ ಅವರು ತೆರೆಯ ಮೇಲೆ ಒಟ್ಟಾಗುವುದು ಅಪರೂಪವಾಯಿತು. ಮತ್ತೆ ಇಬ್ಬರೂ ಒಂದು ಕಥೆಯ ನಡುವೆ ಬಂದು ಕೂತದ್ದು 2013ರಲ್ಲಿ, 'ಲಿಸನ್ ಅಮಾಯಾ' ಚಿತ್ರದಲ್ಲಿ. ಫಾರೂಕ್‌ಗೆ ಆಗ ಅರವತ್ತು ದಾಟಿತ್ತು, ದೀಪ್ತಿಯೂ ಅರವತ್ತರ ಹೊಸ್ತಿಲು ದಾಟಿದ್ದರು. ದೀಪ್ತಿಯ ಲೀಲಾ ವಿಧವೆ, ಪುಸ್ತಕವೂ ಕಾಫಿಯೂ ಸಿಗುವ ಒಂದು ಜಾಗ ನಡೆಸುತ್ತಾಳೆ. ಹೆಂಡತಿ ಮಗಳನ್ನು ಕಳೆದುಕೊಂಡ ಜಯಂತ ಫೋಟೋ ತೆಗೆಯುವವನು, ಅಲ್ಲಿಗೆ ಬಂದು ಕೂರುತ್ತಾನೆ. ಲೀಲಾಳ ಮಗಳು ಅಮಾಯಾಗೂ ಅವನೆಂದರೆ ಸ್ನೇಹ. ಅಮ್ಮನಿಗೂ ಅವನೆಂದರೆ ಇಷ್ಟ ಎಂದು ತಿಳಿಯುವವರೆಗೆ ಮಾತ್ರ.

ಅದನ್ನು ನೋಡುವಾಗ ನಮ್ಮವರು ಹೋಗಿ ನಾಲ್ಕು ವರ್ಷವಾಗಿತ್ತು. ಊರಿನ ವಾಚನಾಲಯಕ್ಕೆ ಹೋಗುವ ರೂಢಿ ಆಗಲೇ ಶುರುವಾಗಿತ್ತು. ಅಲ್ಲಿಗೆ ನಿವೃತ್ತ ಮಾಸ್ತರರೊಬ್ಬರು ಬರುತ್ತಾರೆ. ಪತ್ರಿಕೆಯ ಪದಬಂಧ ಇಬ್ಬರೂ ಸೇರಿ ತುಂಬುತ್ತೇವೆ. ನಾನು ಮಾತಾಡುವಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. ಅಷ್ಟೇ ಸಂಗತಿ. ಅದಕ್ಕೆ ಹೆಸರಿಡುವ ಆತುರ ನಮಗಿಬ್ಬರಿಗೂ ಇಲ್ಲ. ಹೆಸರಿಡುವವರು ಬೇಕಾದಷ್ಟು ಜನ ಇದ್ದಾರೆ, ಬಿಡಿ. ಪುಣೆಯಿಂದ ಮಗಳೂ ಫೋನು ಮಾಡಿ, "ಅವ್ವಾ, ಮಂದಿ ಏನಂದಾರು?" ಎಂದಳು. "ಮಂದಿ ನಾಲ್ಕು ವರ್ಷದಾಗ ಒಮ್ಮೆಯೂ ನನ್ನ ಜೋಡಿ ಪದಬಂಧ ತುಂಬಲಿಲ್ಲವಾ" ಎಂದೆ. ಅವಳು ಮಾತು ಬದಲಿಸಿ ಮೊಮ್ಮಗನ ನೆಗಡಿಯ ಸುದ್ದಿ ತೆಗೆದಳು.

ಆ 2013ರ ಏಪ್ರಿಲ್ ತಿಂಗಳಲ್ಲೇ 'ಚಶ್ಮೆ ಬದ್ದೂರ್' ಹೊಸ ಪ್ರಿಂಟಿನಲ್ಲಿ ಮತ್ತೆ ತೆರೆಗೆ ಬಂದಿತ್ತು. ಒಂದೇ ವರ್ಷದಲ್ಲಿ ಆ ಜೋಡಿಯ ಮೊದಲ ಪ್ರಾಯವನ್ನೂ ಕೊನೆಯ ಪ್ರಾಯವನ್ನೂ ನೋಡಿದ ಹಾಗಾಯಿತು. ಡಿಸೆಂಬರ್ 28ಕ್ಕೆ ದುಬೈಯಲ್ಲಿ ಫಾರೂಕ್ ಶೇಖ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 65. ಸುದ್ದಿ ಓದಿ ಮಾಸ್ತರರು ಪತ್ರಿಕೆ ಮಡಚಿಟ್ಟರು. ಅವತ್ತು ಪದಬಂಧ ಅರ್ಧಕ್ಕೆ ನಿಂತಿತು. ಐಸ್‌ಕ್ರೀಮ್ ಅಂಗಡಿಯ ಆ ದೃಶ್ಯವನ್ನು ನಾನು ಮೊದಲಿಂದ ಕೊನೆಯವರೆಗೆ ಹೇಳಿದೆ, ಅವರು ಕೇಳುತ್ತ ಕೂತರು.