ಕಂಪ್ಯೂಟರ್ ಒಂದು, ಕೈಗಳು ಆರು!

ಮಿಡಿ ಅಂದ ಕೂಡಲೆ ಬಾಯಲ್ಲಿ ನೀರೂರಿತೆ? ತಾಳಿ ಮಿತ್ರರೆ, ನಾನು ಹೇಳಹೊರಟಿರುವುದು ಉಪ್ಪಿನಕಾಯಿಯ ಮಿಡಿಯಲ್ಲ. ಟಾಕೀಸಿನಲ್ಲಿ ಶಿಳ್ಳೆ ಹೊಡೆದು ಕುಣಿಯುತ್ತೀರಲ್ಲ, ಆ ಹಾಡುಗಳ ಹಿಂದೆ ಇವತ್ತು ಅಡಗಿ ಕೂತಿರುವ ಮಿಡಿ! ವಾದ್ಯಕ್ಕೂ ಕಂಪ್ಯೂಟರಿಗೂ ಮಾತುಕತೆ ನಡೆಸಿಕೊಡುವ ಭಾಷೆ ಅದು.

ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಕಾಲದಲ್ಲಿ ಕನ್ನಡದ ಹಾಡು ತಯಾರಾಗಬೇಕಾದರೆ ಮದರಾಸಿಗೇ ಹೋಗಬೇಕಿತ್ತು. ಪಿಟೀಲು, ಕೊಳಲು, ತಬಲಾ, ಗಾಯಕರು... ಎಲ್ಲರೂ ಒಟ್ಟಿಗೆ! ಒಬ್ಬರ ಕೈ ತಪ್ಪಿತೋ, ಎಲ್ಲರೂ ಮತ್ತೆ ಮೊದಲಿಂದ. ಈಗ? ಒಂದು ರೂಮು, ಒಂದು ಕಂಪ್ಯೂಟರ್, ಒಬ್ಬ ಹುಡುಗ. ಹಾಡು ರೆಡಿ!

ಈ ‘ಒಬ್ಬ’ ಅನ್ನೋದೇ ನೋಡಿ, ನಮ್ಮಂಥವರ ಹೊಟ್ಟೆಯ ಮೇಲೆ ಹೊಡೆದದ್ದು. ನಾನು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುವವನು. ನನ್ನ ಪಕ್ಕಕ್ಕೆ ತಬಲಾ ಗೆಳೆಯ, ಅವನ ಪಕ್ಕಕ್ಕೆ ಅರವತ್ತು ದಾಟಿದ ಹಾರ್ಮೋನಿಯಂ ಯಜಮಾನರು. ಗಣೇಶನ ಪೆಂಡಾಲಿನವರು “ಹಾಡೋರು ಬಂದ್ರೆ ಸಾಕು ಸಾರ್, ಮ್ಯೂಸಿಕ್ಕು ಪೆನ್ ಡ್ರೈವಲ್ಲಿ ತನ್ನಿ” ಅನ್ನತೊಡಗಿದರು. ಗೆಳೆಯ ಮೊಬೈಲ್ ರಿಪೇರಿ ಅಂಗಡಿ ಸೇರಿದ. ಯಜಮಾನರು ಪೆಟ್ಟಿಗೆಗೆ ಬಟ್ಟೆ ಹೊದಿಸಿ ಅಟ್ಟಕ್ಕೇರಿಸಿದರು.

ಕಂಪ್ಯೂಟರ್ ಒಂದೇ ಇರಲಿ. ಅದರ ಮುಂದೆ ಒಬ್ಬನೇ ಯಾಕೆ ಕೂರಬೇಕು? ಮೂವರು ಕೂತರೆ ಅದೇನು ಬೇಡ ಅನ್ನುತ್ತದೆಯೆ? ಈ ಯೋಚನೆ ನನ್ನ ತಲೆಯನ್ನು ಬಿಡಲಿಲ್ಲ.

ಸ್ವರವಲ್ಲ, ಅಪ್ಪಣೆ!

ಮಿಡಿ ತಂತಿಯಲ್ಲಿ ಹಾಡು ಹರಿಯುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ! ಅಲ್ಲಿ ಹರಿಯುವುದು ಬರೀ ಅಪ್ಪಣೆ. ‘60ನೇ ಮನೆ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು’, ‘ಈಗ ಬಿಟ್ಟರು’... ಇಷ್ಟೇ. ಎಣಿಕೆ 0ಯಿಂದ 127ರ ತನಕ. ಒಂದು ಅಪ್ಪಣೆಗೆ ಮೂರೇ ಬೈಟ್! ಆದ್ದರಿಂದ ಒಂದಲ್ಲ, ನಾಲ್ಕು ಕಂಟ್ರೋಲರ್ ಸಿಕ್ಕಿಸಿದರೂ ಕಂಪ್ಯೂಟರಿಗೆ ಅದೊಂದು ಭಾರವಲ್ಲ. ಅದಕ್ಕೆ ಭಾರವಾಗೋದು ಆ ಅಪ್ಪಣೆಯಂತೆ ನಾದ ಹುಟ್ಟಿಸುವ ಕೆಲಸ.

ಈ ಭಾಷೆಯ ಹುಟ್ಟೇ ಒಂದು ಸಿನಿಮಾ ಕಥೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುಟಾರೊ ಕಾಕೆಹಾಶಿ ವ್ಯಾಪಾರದಲ್ಲಿ ಎದುರಾಳಿಗಳು. ಆದರೂ ಕೈ ಜೋಡಿಸಿದರು. 1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳದಲ್ಲಿ ಇವರ ಪ್ರಾಫೆಟ್-600ಕ್ಕೂ ಅವರ ಜುಪಿಟರ್-6ಕ್ಕೂ ತಂತಿ ಕಟ್ಟಿದರು. ಒಂದನ್ನು ನುಡಿಸಿದರೆ ಇನ್ನೊಂದು ಹಾಡಿತು! 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಬಂತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. ಅವರ ಭಾಷೆ ಮಾತ್ರ ಇನ್ನೂ ಮಾತಾಡುತ್ತಲೇ ಇದೆ.

ಯಾರ ಮಾತು ಯಾರಿಗೆ?

ನಮ್ಮ ಸಾಮಾನು ಕೇಳಿ: ನನ್ನ 49 ಮನೆಯ ಕೀಬೋರ್ಡ್, ಗೆಳೆಯನಿಗೆ 16 ಪ್ಯಾಡಿನ ಹಲಗೆ, ಯಜಮಾನರಿಗೆ 25 ಮನೆಯ ಪುಟಾಣಿ ಕೀಬೋರ್ಡ್. ಲ್ಯಾಪ್‌ಟಾಪಿಗೋ ಎರಡೇ ಯುಎಸ್‌ಬಿ ಕಿಂಡಿ. ಹಬ್ ಬೇಕೇ ಬೇಕು. ಆದರೆ ಬರೀ ಹಬ್ ಸಾಲದು, ತನ್ನದೇ ಅಡಾಪ್ಟರ್ ಇರುವ ಹಬ್ ತನ್ನಿ. ಸಾಮಾನ್ಯ ಯುಎಸ್‌ಬಿ 2 ಕಿಂಡಿ ಕೊಡುವುದು 500 ಮಿಲಿಆಂಪಿಯರ್ ಕರೆಂಟ್. ಪ್ಯಾಡಿನ ದೀಪಗಳೆಲ್ಲ ಹತ್ತಿಕೊಂಡರೆ ಉಳಿದವರಿಗೆ ಉಪವಾಸ! ಹಾಡಿನ ಮಧ್ಯೆ ಒಂದೊಂದೇ ಮಾಯ ಆಗ್ತವೆ. ನಿಮ್ಮ ಹಳೇ ಕೀಬೋರ್ಡಿನ ಹಿಂದೆ ಐದು ಪಿನ್ನಿನ ದುಂಡು ಕಿಂಡಿ ಇದೆಯೆ? ಬಿಸಾಡಬೇಡಿ. ನಡುವೆ ಒಂದು ಮಿಡಿ ಇಂಟರ್‌ಫೇಸ್ ಹಾಕಿದರೆ ಅದೂ ಬಳಗ ಸೇರುತ್ತದೆ.

ಮೂರೂ ಒಂದೇ ಚಾನೆಲ್ಲಿನಲ್ಲಿ ಮಾತಾಡಿದರೆ ಸಂತೆ! ಗೆಳೆಯ ಪ್ಯಾಡಿಗೆ ಬಡಿದರೆ ಪಿಯಾನೊ ಗುಂಯ್ ಅನ್ನುತ್ತದೆ. ಯಾಕೆ ಅಂತೀರಾ? ಡ್ರಮ್ಮಿನಲ್ಲಿ 36 ಅಂದರೆ ದೊಡ್ಡ ಡ್ರಮ್. ಪಿಯಾನೊದಲ್ಲಿ ಅದೇ 36 ತಗ್ಗಿನ ಒಂದು ಸ್ವರ. ಮಿಡಿಯಲ್ಲಿ 16 ಚಾನೆಲ್ ಇರುವುದು ಇದಕ್ಕೇ. ನನಗೆ 1, ಯಜಮಾನರಿಗೆ 2, ಗೆಳೆಯನಿಗೆ 10. ಕಂಪ್ಯೂಟರಿನ ತಬಲಾಕ್ಕೆ ‘ನೀನು 10ರ ಮಾತು ಮಾತ್ರ ಕೇಳು’ ಅಂತ ಹೇಳಿಟ್ಟರೆ ಜಗಳ ಮುಗೀತು.

ಜಗಳ ಮುಗೀತು, ಯಜಮಾನರ ಮುಖ ಅರಳಲಿಲ್ಲ. “ಎಲ್ಲಾ ಸರಿ ಕಣಪ್ಪಾ, ನನ್ನ ಎಡಗೈಗೆ ಕೆಲಸಾನೇ ಇಲ್ವಲ್ಲ” ಅಂದರು. ಎಂಥ ಮಾತು! ಹಾರ್ಮೋನಿಯಂ ಉಸಿರಾಡುವುದು ತಿದಿಯಲ್ಲಿ. ಅವರ ಎಡಗೈ ನಲವತ್ತು ವರ್ಷ ಮಾಡಿದ್ದೇ ಆ ಉಸಿರಿನ ಕೆಲಸ.

ಆಗ ಬಂತು ನಾಲ್ಕನೆಯದು, ಜಾರುಗುಂಡಿಗಳ ಒಂದು ಚಿಕ್ಕ ಪೆಟ್ಟಿಗೆ. ಒಂದು ಗುಂಡಿಗೆ 11ನೇ ನಂಬರಿನ ಅಪ್ಪಣೆ ಕೊಟ್ಟೆ. ದನಿಯ ಏರಿಳಿತಕ್ಕೆ ಮಿಡಿಯಲ್ಲಿ ಇರುವ ನಂಬರು ಅದು. ಆ ಪೆಟ್ಟಿಗೆಗೂ ಅವರದ್ದೇ 2ನೇ ಚಾನೆಲ್. ಬಲಗೈ ಮನೆ ಒತ್ತಿತು, ಎಡಗೈ ಗುಂಡಿ ಜಾರಿಸಿತು. ಪ್ಲಾಸ್ಟಿಕ್ಕಿನ ಪೆಟ್ಟಿಗೆ ಉಸಿರಾಡಿತು! ಸೂತ್ರ ಇಷ್ಟೇ ಮಿತ್ರರೆ: ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಚಾನೆಲ್, ಒಬ್ಬರ ಎರಡು ಕೈಗೆ ಒಂದೇ ಚಾನೆಲ್.

ಇನ್ನೊಂದು ಗುಟ್ಟು. ಬಡಿದ ಮೇಲೆ ಶಬ್ದ ತಡವಾಗಿ ಬಂದರೆ ತಬಲಾದವನಿಗೆ ಹುಚ್ಚೇ ಹಿಡಿಯುತ್ತದೆ. ಇದು ತಂತಿಯ ತಪ್ಪಲ್ಲ, ಬಫರಿನದ್ದು. ಬಫರ್ 1024 ಇದ್ದರೆ ಅದೊಂದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. 256ಕ್ಕೆ ಇಳಿಸಿದರೆ ಆರರ ಹತ್ತಿರ. ತೀರಾ ಇಳಿಸಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ, ನಾದದಲ್ಲಿ ಪಟಪಟ ಸದ್ದು ಏಳುತ್ತದೆ.

ಹೋದ ಗಣೇಶನ ಹಬ್ಬಕ್ಕೆ ನಮ್ಮ ಬಡಾವಣೆಯಲ್ಲಿ ಮೂವರೂ ಕೂತು ನುಡಿಸಿದೆವು. ಸಂಭಾವನೆ ಇಬ್ಬರದ್ದೇ ಸಿಕ್ಕಿತು, ಮೂರು ಪಾಲು ಮಾಡಿದೆವು. ಗೆಳೆಯ ಇನ್ನೂ ಅಂಗಡಿ ಬಿಟ್ಟಿಲ್ಲ, ಬಿಡು ಅನ್ನುವ ಧೈರ್ಯ ನನಗೂ ಇಲ್ಲ. ಆದರೆ ಗಾಯಕ ಹುರುಪಿನಲ್ಲಿ ಚರಣವನ್ನು ಇನ್ನೊಮ್ಮೆ ಎತ್ತಿಕೊಂಡಾಗ ನಾವು ಮೂವರೂ ಅವನ ಹಿಂದೆಯೇ ಹೋದೆವು. ಪೆನ್ ಡ್ರೈವ್ ಹೋಗುತ್ತಿತ್ತೆ?

ಕಂಪ್ಯೂಟರ್ ಕೊಳ್ಳುವ ಕನಸು ಕಾಣುತ್ತಿರುವ ತಮ್ಮಂದಿರೆ, ಕೊಳ್ಳಿ. ಜೊತೆಗೆ ಒಂದು ಹಬ್ಬನ್ನೂ ಕೊಳ್ಳಿ. ಪಕ್ಕದ ಬೀದಿಯಲ್ಲಿ ಸುಮ್ಮನೆ ಕೂತಿರುವ ವಾದ್ಯಗಾರರೊಬ್ಬರು ಇದ್ದೇ ಇರುತ್ತಾರೆ. ಹೋಗಿ ಕರೆಯಿರಿ. 16 ಚಾನೆಲ್‌ಗಳಲ್ಲಿ ನಾವು ತುಂಬಿದ್ದು ಮೂರೇ... ಹದಿಮೂರು ಇನ್ನೂ ಖಾಲಿ ಇವೆ!